ಮರಗಟ್ಟಿದ ಸಾಕ್ಷಿ

ಬೇರೆಯವರ ನೋವನ್ನು ತನ್ನ ಮೈಮೇಲೆ ತಂದುಕೊಂಡು, ಅದು ಎಷ್ಟಿದೆ ಎಂದು ಪ್ರಮಾಣ ಮಾಡಿ ಹೇಳುವುದು ಮಹಾನಂದಾ ಅರಳಿಕಟ್ಟಿಯ ನೌಕರಿ. ಹುಬ್ಬಳ್ಳಿಯ ಶಾಂತಿಧಾಮ ಆಸ್ಪತ್ರೆಯಲ್ಲಿ ಅವಳಿಗೆಂದು ಒಂದು ಕುರ್ಚಿ, ಒಂದು ಬಿಳಿ ಕೋಟು, ಕೋಟಿನ ಮೇಲೆ 'ವೇದನಾಸಾಕ್ಷಿ' ಎಂದು ಬರೆದ ಬಿಲ್ಲೆ ಇದ್ದವು. ಇದು ಎಂಥ ಕೆಲಸವೆಂದು ನೆಂಟರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗಿ, ಅವಳು ಈಚೆಗೆ "ದವಾಖಾನ್ಯಾಗ ಅದೀನ್ರಿ" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದಳು. ಕೇಳಿದವರು ನರ್ಸ್ ಇರಬೇಕೆಂದುಕೊಂಡು ತಮ್ಮ ಮೊಣಕಾಲು ನೋವಿಗೆ ಗುಳಿಗೆ ಕೇಳುತ್ತಿದ್ದರು.

ಈ ನೌಕರಿಯನ್ನು ಹುಟ್ಟಿಸಿದ್ದು ವೈದ್ಯಶಾಸ್ತ್ರವಲ್ಲ, ಕೋರ್ಟು. 'ಶಮನಿ' ಎಂಬ ಔಷಧಿ ಬಂದಾಗ ಊರಿಗೆ ಊರೇ ಕೈ ಮುಗಿದಿತ್ತು. ಗುಣವಾಗದ ರೋಗದಲ್ಲಿ ನರಳುವವರಿಗೆ ಅದನ್ನು ಒಂದೇ ಒಂದು ಸಿರಿಂಜು ಕೊಟ್ಟರೆ ಸಾಕು, ನಿದ್ದೆ ಬರುತ್ತದೆ. ಮತ್ತೆ ಎಚ್ಚರವಿಲ್ಲ, ನೋವೂ ಇಲ್ಲ. ಸಾವು ತನ್ನ ಪುರಸತ್ತಿನಲ್ಲಿ ಬಂದು ಕರೆದುಕೊಂಡು ಹೋಗುತ್ತದೆ. ಆದರೆ ಉಪಕಾರದ ವಸ್ತು ಕೈಗೆ ಸಿಕ್ಕಿದ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ಆಸ್ತಿಯ ಮಾತು ಬಗೆಹರಿಯಲೆಂದು ಅಪ್ಪನನ್ನು ಮಲಗಿಸಿದ ಮಕ್ಕಳು ಹುಟ್ಟಿಕೊಂಡರು. ಹಾಸಿಗೆ ಖಾಲಿಯಾಗಲೆಂದು ರೋಗಿಯನ್ನು ಮಲಗಿಸಿದ ಡಾಕ್ಟರುಗಳೂ ಹುಟ್ಟಿಕೊಂಡರು. ಆಗ ಕಾಯಿದೆ ಬಂತು. ಏಳು ಅಂಕಕ್ಕಿಂತ ಕಡಿಮೆ ನೋವಿದ್ದವರಿಗೆ ಶಮನಿ ಕೊಟ್ಟರೆ ಅದು ಕೊಲೆ.

ಹಾಗಾದರೆ ಆ ಏಳನ್ನು ಹೇಳುವವರು ಯಾರು? ರೋಗಿ ಸುಳ್ಳು ಹೇಳಬಹುದು, ಮನೆಯವರಿಗೆ ಆಸೆ ಇರಬಹುದು, ಡಾಕ್ಟರಿಗೆ ಆತುರ ಇರಬಹುದು. ಯಂತ್ರ ಅಳೆಯಲಿ ಎಂದು ವಕೀಲರೊಬ್ಬರು ವಾದಿಸಿದರಂತೆ. ನೋವೆಂದರೇನೆಂದು ಗೊತ್ತಿಲ್ಲದ ವಸ್ತು ನೋವಿಗೆ ಸಾಕ್ಷಿ ನುಡಿಯಲಾರದು ಎಂದು ನ್ಯಾಯಾಧೀಶರು ಅದನ್ನೂ ತಳ್ಳಿಹಾಕಿದರು. ಕೊನೆಗೆ ಉಳಿದದ್ದು ಯಾರ ಸಂಬಂಧವೂ ಇಲ್ಲದ, ಜೀವವಿರುವ ಮೂರನೆಯ ಮನುಷ್ಯ. ಅವನಿಗೋಸ್ಕರವೇ 'ಸಹವೇದಿ' ಎಂಬ ಪೆಟ್ಟಿಗೆ ತಯಾರಾಯಿತು. ರೋಗಿಯ ಬೆನ್ನಿಗೊಂದು ಪಟ್ಟಿ, ಸಾಕ್ಷಿಯ ಬೆನ್ನಿಗೊಂದು ಪಟ್ಟಿ, ನಡುವೆ ಪೆಟ್ಟಿಗೆ. ರೋಗಿಯ ನರಗಳಲ್ಲಿ ಓಡುವ ನೋವಿನ ಸಂಕೇತದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಅದು ಸಾಕ್ಷಿಯ ನರಗಳಿಗೆ ದಾಟಿಸುತ್ತದೆ. ಸಾಕ್ಷಿ ಒಂದು ಗಾಜಿನ ಫಲಕದ ಮೇಲೆ ಅಂಗೈ ಇಟ್ಟು ಅಂಕಿ ಹೇಳಬೇಕು. ಶಮನಿ ಕೊಡುವುದಾದರೆ ರೋಗಿ ನಿದ್ದೆಹೋಗುವವರೆಗೆ ಕೈ ಎತ್ತುವಂತಿಲ್ಲ. ಕೈ ಫಲಕದ ಮೇಲಿರುವಾಗ ಸಾಕ್ಷಿಯ ಬಾಯಿಂದ ಬಂದ ಪ್ರತಿಯೊಂದು ಮಾತೂ ಪ್ರಮಾಣದ ಮಾತು. ಅದು ಆ ಕ್ಷಣವೇ ಧಾರವಾಡದ ನ್ಯಾಯಾಲಯದ ಕಚೇರಿಗೆ ಹೋಗಿ ಬೀಳುತ್ತದೆ, ಅಳಿಸುವುದಕ್ಕೆ ಯಾರಿಂದಲೂ ಆಗುವುದಿಲ್ಲ.

ಮಹಾನಂದಾ ಮೊದಲ ವರ್ಷ ಪ್ರತಿ ಸಾಕ್ಷ್ಯದ ನಂತರ ವಾಂತಿ ಮಾಡಿಕೊಳ್ಳುತ್ತಿದ್ದಳು. ಮನೆಗೆ ಹೋಗಿ ಮಲಗಿದರೆ ಮೈ ನಡುಗುತ್ತಿತ್ತು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಗಂಡ ಶೇಖರಪ್ಪ ಅವಳ ಅಂಗಾಲಿಗೆ ಎಣ್ಣೆ ತಿಕ್ಕುತ್ತ, "ಬಿಟ್ಟುಬಿಡ ಮಾರಾಯ್ತಿ ಈ ನೌಕರಿ, ಊರ ಮಂದಿ ಬ್ಯಾನಿ ಎಲ್ಲಾ ನಿನಗ್ಯಾಕ" ಎನ್ನುತ್ತಿದ್ದ. ಆಮೇಲೆ ರೂಢಿಯಾಯಿತು. ರೂಢಿಯಾಯಿತು ಎಂದು ಎಲ್ಲರೂ ಸಂತೋಷಪಟ್ಟರು. ಹೋದ ಸಂಕ್ರಾಂತಿಯ ಆಸುಪಾಸಿನಲ್ಲಿ ಅವಳ ತಾಯಿ ತೀರಿಕೊಂಡಾಗ ಅವಳ ಕಣ್ಣಿಂದ ಒಂದು ಹನಿ ಬರಲಿಲ್ಲ. ಬಂದವರಿಗೆಲ್ಲ ಚಹ ಮಾಡಿ ಕೊಟ್ಟಳು, ಮಣ್ಣು ಮಾಡಿ ಬಂದ ಮೇಲೆ ಹೊಟ್ಟೆ ತುಂಬ ಉಂಡಳು. ಗಟ್ಟಿ ಹೆಂಗಸು ಎಂದು ಕೆಲವರು ಹೊಗಳಿದರು, ಉಳಿದವರು ಬೇರೆ ಏನೋ ಅಂದರು. ಅವಳಿಗೆ ಎರಡೂ ತಾಗಲಿಲ್ಲ.

*

ಫಕ್ಕೀರಪ್ಪ ಪೈಲ್ವಾನರು ಆಸ್ಪತ್ರೆಗೆ ಬಂದಾಗ ಅವರ ಹಿಂದೆ ಅರ್ಧ ಗರಡಿಯೇ ಬಂದಿತ್ತು. ಒಂದು ಕಾಲದಲ್ಲಿ ಮೂರು ಜಿಲ್ಲೆಯ ಕುಸ್ತಿ ಕಣಗಳಲ್ಲಿ ಅವರ ಬೆನ್ನಿಗೆ ಮಣ್ಣು ಹತ್ತಿಸಿದವರು ಇರಲಿಲ್ಲವಂತೆ. ಈಗ ಅದೇ ಬೆನ್ನಿನ ಮೂಳೆಯಲ್ಲಿ ಕ್ಯಾನ್ಸರ್ ಗೂಡು ಕಟ್ಟಿತ್ತು. ಡಾಕ್ಟರ್ ಇಮ್ತಿಯಾಜ್ ನದಾಫ್ ಎಲ್ಲ ಪರೀಕ್ಷೆ ಮುಗಿಸಿ, ಇನ್ನು ಮಾಡುವಂಥದ್ದು ಏನೂ ಇಲ್ಲ, ಶಮನಿ ಒಂದೇ ಎಂದು ಬರೆದರು. ಉಳಿದದ್ದು ಸಾಕ್ಷ್ಯ.

ಪೈಲ್ವಾನರು ಮೀಸೆ ತಿರುವಿ ಸಿದ್ಧವಾಗಿಯೇ ಮಲಗಿದ್ದರು. ಶಿಷ್ಯರು ಬಾಗಿಲ ಹೊರಗೆ ನಿಂತಿದ್ದರು. ಯಂತ್ರ ನೋಡಿಕೊಳ್ಳುವ ಗುರುಪಾದ ಇಬ್ಬರಿಗೂ ಪಟ್ಟಿ ಕಟ್ಟಿ ಕಂಟ್ರೋಲ್ ರೂಮಿಗೆ ಹೋಗಿ ಗುಂಡಿ ಒತ್ತಿದ.

ತರಬೇತಿಯಲ್ಲಿ ಸಾಕ್ಷಿಗಳಿಗೆ ಹೇಳಿಕೊಡುವ ಮೊದಲ ಪಾಠವೆಂದರೆ ರೋಗಿಯ ಮುಖ ನೋಡಬೇಡಿ, ಗೋಡೆ ನೋಡಿ ಎಂಬುದು. ಮಹಾನಂದಾ ಈ ಪಾಠವನ್ನು ಮೊದಲಿನಿಂದಲೂ ಪಾಲಿಸಿದವಳಲ್ಲ. ಸಂಕಟಪಡುವವರ ಎದುರು ಕೂತು ಗೋಡೆ ನೋಡುವುದು ಅವಳಿಗೆ ಅಮಾನುಷವೆನಿಸಿತ್ತು. ಹಾಗಾಗಿ ಅವತ್ತೂ ಮುಖವನ್ನೇ ನೋಡಿದಳು. ಪೈಲ್ವಾನರ ಮುಖ ಮಧ್ಯಾಹ್ನದ ಊಟ ಮುಗಿಸಿ ಜಗುಲಿಯ ಮೇಲೆ ಒರಗಿದವರ ಮುಖದ ಹಾಗೆ ಇತ್ತು. ಬೆನ್ನಿನಲ್ಲಿ ಏನೋ ಬೆಚ್ಚಗೆ ಸುಳಿದಂತಾಯಿತು ಎಂದುಕೊಂಡಳು. ಅಂಗೈ ಫಲಕದ ಮೇಲಿಟ್ಟಳು.

"ಮೂರು" ಎಂದಳು.

ಡಾಕ್ಟರ್ ನದಾಫ್ ತಲೆ ಎತ್ತಿ ನೋಡಿದರು. ಮತ್ತೊಮ್ಮೆ ಕೇಳುವುದಕ್ಕೆ ಕಾಯಿದೆಯಲ್ಲಿ ಅವಕಾಶವಿಲ್ಲ. ತುಂಬಿಟ್ಟ ಸಿರಿಂಜನ್ನು ತಟ್ಟೆಯ ಸಮೇತ ವಾಪಸು ಕಳಿಸಿದರು. ಇನ್ನೊಂದು ಸಾಕ್ಷ್ಯ ಬೇಕೆಂದರೆ ಒಂದು ವಾರ ಕಾಯಬೇಕು. ಪೈಲ್ವಾನರು ಮಹಾನಂದಾಳಿಗೆ ಕೈ ಮುಗಿದರು.

*

ಅದಾದ ಒಂದೆರಡು ದಿನಕ್ಕೆ ನವಲಗುಂದದ ಕಡೆಯ ಒಬ್ಬ ಹೆಂಗಸು ಬಂದಳು. ಅವಳ ಕೂಗು ವಾರ್ಡಿನ ಕೊನೆಯವರೆಗೆ ಕೇಳಿಸುತ್ತಿತ್ತು. ಮಹಾನಂದಾ ಅವಳ ಮುಖ ನೋಡಿದಳು, ತನ್ನ ಹೊಟ್ಟೆಯಲ್ಲಿ ಏನೋ ತಿರುಚಿದಂತಾಯಿತು, ಎಂಟು ಎಂದಳು. ಡಾಕ್ಟರು ಶಮನಿ ಕೊಟ್ಟರು, ಹೆಂಗಸು ಮಲಗಿದಳು. ಎಲ್ಲ ಸುಸೂತ್ರವಾಗಿ ನಡೆಯಿತು.

ಕೋಟು ಬಿಚ್ಚಿಡಲು ಹೋಗುತ್ತಿದ್ದವಳನ್ನು ಗುರುಪಾದ ಕಂಟ್ರೋಲ್ ರೂಮಿಗೆ ಕರೆದು ಬಾಗಿಲು ಹಾಕಿದ. ಅವನ ಮುಖ ಬಿಳಿಚಿಕೊಂಡಿತ್ತು.

"ಮೇಡಂ, ನಂದು ಭಾಳ ದೊಡ್ಡ ತಪ್ಪಾಗೈತ್ರಿ. ಮುಂಜಾನೆ ಪೆಟ್ಟಿಗಿ ಒರಸೂ ಮುಂದ ನಿಮ್ಮ ಪಟ್ಟಿ ವೈರ್ ಬಿಚ್ಚಿದ್ದೆ. ತಿರುಗಿ ಹಾಕೂದು ಮರತುಬಿಟ್ಟೆ."

"ಅಂದ್ರ?"

"ಅಂದ್ರ, ನಿಮ್ಮ ಮೈಗೆ ಏನೂ ಬಂದಿಲ್ರಿ. ಅಕಿ ಬ್ಯಾನಿ ಅಕಿ ಕಡೇನ ಉಳೀತು." ಅವನು ಮೆಲ್ಲಗೆ ಕೇಳಿದ, "ನೀವು ಎಂಟು ಅಂತ ಹೆಂಗಂದ್ರಿ ಮೇಡಂ?"

ಅವನ ದನಿಯಲ್ಲಿ ಆರೋಪವಿರಲಿಲ್ಲ. ಇಷ್ಟು ವರ್ಷದ ಅನುಭವದಿಂದ ವೈರ್ ಇಲ್ಲದೆಯೂ ತಿಳಿಯುತ್ತದೇನೋ ಎಂಬ ಆಸೆ ಇತ್ತು. ಮಹಾನಂದಾ ಕುರ್ಚಿ ಎಳೆದುಕೊಂಡು ಕೂತಳು.

"ಪೈಲ್ವಾನರ ದಿನ ವೈರ್ ಇತ್ತೇನು?"

"ಇತ್ರಿ. ಅವತ್ತ ಬ್ಯಾನಿ ಗೆರಿ ಪರದೇದ ಮ್ಯಾಲಿನ ಅಂಚಿಗೆ ಹೋಗಿ ಹತ್ತಿತ್ತು. ನಾ ಇಷ್ಟ ದಿವಸದಾಗ ಅಂಥಾದ್ದು ಕಂಡೇ ಇಲ್ಲ. ಮಷೀನ್ ಕೆಟ್ಟೈತಿ ಅಂದ್ಕೊಂಡೆ. ಯಾಕಂದ್ರ ನೀವು ಮೂರು ಅಂದ್ರೆಲ್ಲ."

ಯಂತ್ರದ ಮಾತಿಗೆ ಬೆಲೆಯಿಲ್ಲ ಎಂದು ಕಾಯಿದೆ ಹೇಳಿತ್ತು. ಪಾಪ, ಗುರುಪಾದ ಅದನ್ನು ಅಕ್ಷರಶಃ ನಂಬಿದ್ದ. ಮಹಾನಂದಾ ತಾನೇ ಪಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡಳು.

"ಪರೀಕ್ಷಾ ಸಂಕೇತ ಅಂತ ಇರತೈತೆಲ್ಲ, ಅದನ್ನ ಬಿಡು ನೋಡೋಣ."

"ಎಷ್ಟರ ಮಟ ಬಿಡ್ಲಿ?"

"ಪೂರ್ತಿ."

ಹೊಸ ಸಾಕ್ಷಿಗಳ ತರಬೇತಿಯಲ್ಲಿ ಅದರ ಗುಂಡಿಯನ್ನು ಕಾಲುಭಾಗ ತಿರುವಿದರೆ ಗಟ್ಟಿಮುಟ್ಟಾದ ಗಂಡಸರೂ ಚೀರಿಕೊಂಡು ಎದ್ದು ನಿಲ್ಲುತ್ತಿದ್ದರು. ಗುರುಪಾದ ಹೆದರುತ್ತ ಹೆದರುತ್ತ ತಿರುವಿದ. ಮಹಾನಂದಾ ಗೋಡೆಯನ್ನೇ ನೋಡುತ್ತ ಕೂತಳು. ಗೋಡೆಯ ಮೇಲೆ ಒಂದು ಹಲ್ಲಿ ಇತ್ತು.

"ಬಿಟ್ಟೇನು?" ಎಂದು ಕೇಳಿದಳು.

"ಪೂರ್ತಿ ಬಿಟ್ಟೀನ್ರಿ ಮೇಡಂ."

ಅವಳು ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. ಯಾರಿಗೂ ಹೇಳಬೇಡವೆಂದು ಅವನಿಗೆ ಹೇಳುವ ಅಗತ್ಯವಿರಲಿಲ್ಲ. ಅವನ ನೌಕರಿಯೂ ಅದರಲ್ಲಿ ಸಿಕ್ಕಿಕೊಂಡಿತ್ತು. ಕ್ಯಾಂಟೀನಿಗೆ ಹೋಗಿ ಚಹ ಕುಡಿದಳು. ಚಹ ಚೆನ್ನಾಗಿತ್ತು. ಎಂದಿನಿಂದ ಹೀಗಾಯಿತು ಎಂದು ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಎಷ್ಟೋ ದಿನಗಳಿಂದ ಅವಳು ನರಳಿದವರಿಗೆ ಎಂಟು ಕೊಟ್ಟಿದ್ದಳು, ಸುಮ್ಮನಿದ್ದವರಿಗೆ ಮೂರು ಕೊಟ್ಟಿದ್ದಳು, ಅದನ್ನೇ ನೋವು ಎಂದು ತಿಳಿದಿದ್ದಳು. ಸುಮ್ಮನಿದ್ದವರು ಎಷ್ಟು ಮಂದಿ ಮನೆಗೆ ವಾಪಸು ಹೋಗಿ ಏನೇನು ಅನುಭವಿಸಿ ಸತ್ತರೋ. ಇದನ್ನು ಯೋಚಿಸಿದಾಗ ಎದೆ ಹಿಂಡಬೇಕಿತ್ತು. ಹಿಂಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ಹಿಂಡಲಿಲ್ಲ.

*

ಮನೆಯಲ್ಲಿ ಮಗಳು ವಚನಾ ಲಾ ಕಾಲೇಜಿನ ಪರೀಕ್ಷೆಗೆ ಓದುತ್ತಿದ್ದಳು. ಶೇಖರಪ್ಪನಿಗೆ ಎರಡನೆಯ ಪಾಳಿ. ಮಹಾನಂದಾ ಹಿಟ್ಟು ನಾದಿ ರೊಟ್ಟಿ ಬಡಿಯುತ್ತ ಕೂತಳು. ಬಡಿಯುವ ಸದ್ದಿನ ನಡುವೆ, ಬೇರೆ ಯಾರದೋ ಸುದ್ದಿ ಎಂಬಂತೆ ಕೇಳಿದಳು.

"ವಚನಾ, ಸಾಕ್ಷಿ ಇದ್ದಾಕಿಗೇ ಬ್ಯಾನಿ ತಿಳೀಲಾರದಂಗ ಆದ್ರ ನಿಮ್ಮ ಕಾಯ್ದೆ ಏನ್ ಹೇಳತೈತಿ?"

ಕಾಯಿದೆಯ ಪ್ರಶ್ನೆ ಎಂದರೆ ವಚನಾಳಿಗೆ ಹಬ್ಬ. ಪುಸ್ತಕ ಮಗುಚಿಟ್ಟು ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂತಳು.

"ಒಳ್ಳೆ ಪ್ರಶ್ನಿ. ತಾನಾಗೇ ಹೇಳಿದ್ಲು ಅಂದ್ರ ಅವತ್ತಿಂದ ದವಾಖಾನಿ ಶಮನಿ ಪರವಾನಗಿ ಬಂದ್. ವಿಚಾರಣಿ ಆಗಬೇಕು, ಹೊಸಾ ಸಾಕ್ಷಿ ನೇಮಕ ಆಗಬೇಕು. ತಿಂಗಳುಗಟ್ಟಲೆ ಹಿಡಿತೈತಿ."

"ಅದನ್ನ ಮುಚ್ಚಿಟ್ಟು ಅಂಕಿ ಹೇಳಿದ್ಲು ಅಂದ್ರ?"

"ಅದು ಸುಳ್ಳು ಪ್ರಮಾಣ. ಜೈಲು. ಆದ್ರ ಡಾಕ್ಟರಿಗೆ ಏನೂ ಆಗಂಗಿಲ್ಲ, ನಂಬಿ ಕೊಟ್ಟಾರಂತ ಬಿಡ್ತಾರ. ಸಾಕ್ಷಿದು ಸುಳ್ಳು ಅಂತ ಅವರಿಗೆ ಮೊದಲ ಗೊತ್ತಿತ್ತಂದ್ರ ಮಾತ್ರ ಅವರದೂ ಕೊಲಿ ಆಗತೈತಿ. ಸಿರಿಂಜ್ ಅರ್ಧ ಹೋದಾಗ ಗೊತ್ತಾದ್ರೂ ಅಲ್ಲೇ ನಿಲ್ಲಿಸಬೇಕು."

"ಪೂರ್ತಿ ಹೋದಮ್ಯಾಲ ಗೊತ್ತಾದ್ರ?"

"ಆಗ ತಪ್ಪೆಲ್ಲಾ ಸಾಕ್ಷಿ ಒಬ್ಬಾಕೀದೇ." ವಚನಾ ತಾಯಿಯ ಮುಖವನ್ನು ನೋಡಿದಳು. "ಯಾಕವಾ? ಯಾರಿಗೆ ಹಂಗಾಗೈತಿ?"

"ಬೆಳಗಾವ್ಯಾಗ ಯಾರೋ ಒಬ್ಬಾಕಿಗಂತ."

ವಚನಾ ಮೆಲ್ಲಗೆ, "ಅಜ್ಜಿ ಹೋದಾಗ ನೀ ಅಳಲಿಲ್ಲ" ಎಂದಳು. "ಮೊನ್ನೆ ನಾ ಬಿದ್ದು ಕೈ ಮುರಕೊಂಡು ಬಂದಾಗ, ಮೊದಲ ನೀ ಕೇಳಿದ್ದು ಚಪ್ಪಲಿ ಎಲ್ಲಿ ಬಿಟ್ಟಿ ಅಂತ. ನಂಗ ಭಾಳ ಸಿಟ್ಟು ಬಂದಿತ್ತವಾ. ಈಗ ಸಿಟ್ಟಿಲ್ಲ, ಅಂಜಿಕಿ ಆಗತೈತಿ."

ಪ್ಲಾಸ್ಟರ್ ಹಾಕಿದ ಮಗಳ ಕೈಯನ್ನು ಮಹಾನಂದಾ ನೋಡಿದಳು. ಅದನ್ನು ತಬ್ಬಿಕೊಳ್ಳಬೇಕಾದ ಹೊತ್ತು ಇದು ಎಂದು ತಿಳಿದು, ಹಿಟ್ಟಿನ ಕೈ ಒರೆಸಿಕೊಂಡು ಹತ್ತಿರ ಹೋಗಿ ತಬ್ಬಿಕೊಂಡಳು. ವಚನಾ ಅತ್ತಳು. ತವೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ಮಹಾನಂದಾಳ ಗಮನ ಅದರ ಕಡೆಗೆ ಹೋಯಿತು. ಹೋಯಿತಲ್ಲ ಎಂದು ಅವಳಿಗೆ ನಾಚಿಕೆ ಕೂಡ ಆಗಲಿಲ್ಲ.

*

ಮರುದಿನ ಪೈಲ್ವಾನರ ಹೆಂಡತಿ ದ್ಯಾಮವ್ವ ವಾರ್ಡಿನ ಓಣಿಯಲ್ಲಿ ಅವಳನ್ನು ತಡೆದು ನಿಲ್ಲಿಸಿದಳು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿಕೊಂಡಿದ್ದಳು.

"ಯವ್ವಾ, ನೀ ಮೂರು ಅಂದೆಂತ. ನಿನ್ನ ಸುಳ್ಳಂತ ನಾ ಅನ್ನಂಗಿಲ್ಲ. ಎಚ್ಚರಿದ್ದಾಗ ಅವರು ಹಾಂ ಅನ್ನಂಗಿಲ್ಲ, ಹೂಂ ಅನ್ನಂಗಿಲ್ಲ. ಗರಡಿ ಉಸ್ತಾದರು ಹಂಗ ತಯಾರು ಮಾಡ್ಯಾರ. ಕಣದಾಗ ಅಯ್ಯೋ ಅಂದಾವ ಅವತ್ತ ಮನಿಗೆ. ಆದ್ರ ನಿದ್ದಿಯೊಳಗ ಹಲ್ಲು ಕಡೀತಾರವಾ. ನಿನ್ನೆ ಇದು ಮುರಿದು ಬಿತ್ತು."

ಗಂಟು ಬಿಚ್ಚಿ ತೋರಿಸಿದಳು. ದವಡೆಯ ಹಲ್ಲಿನ ಒಂದು ಚೂರು.

ಮಹಾನಂದಾ ನೇರವಾಗಿ ಡಾಕ್ಟರ್ ನದಾಫರ ಕೋಣೆಗೆ ಹೋದಳು. ಅವರು ಎಕ್ಸ್‌ರೇ ನೋಡುತ್ತಿದ್ದರು.

"ಡಾಕ್ಟರ್, ಪೈಲ್ವಾನರ ಸಾಕ್ಷ್ಯದ ಬಗ್ಗೆ ಒಂದು ಮಾತು ಹೇಳಬೇಕಿತ್ತು. ಅವತ್ತ ನನಗ..."

"ಬ್ಯಾಡ" ಎಂದರು ನದಾಫ್. ಎಕ್ಸ್‌ರೇ ಮೇಜಿನ ಮೇಲಿಟ್ಟು ಎದ್ದು ನಿಂತರು. "ಕೈ ಮುಗೀತೀನಿ ಮೇಡಂ, ಹೇಳಬ್ಯಾಡ್ರಿ. ಅವರ ಬೆನ್ನಿನ ಮೂಳಿ ನಾ ನೋಡೀನಿ. ಅಲ್ಲಿ ಮೂರು ಇರಾಕ ಸಾಧ್ಯ ಇಲ್ಲ ಅನ್ನೂದು ನನಗ ಅವತ್ತೇ ಗೊತ್ತದ. ಯಾಕ ಮೂರಾತು ಅನ್ನೂದು ಮಾತ್ರ ಗೊತ್ತಿಲ್ಲ. ನೀವು ಹೇಳಿದ್ರ ಗೊತ್ತಾಗ್ತದ. ಗೊತ್ತಾದ್ರ ನಾ ಸಿರಿಂಜ್ ಮುಟ್ಟೂಹಂಗಿಲ್ಲ."

"ಮತ್ತ ನಾ ಏನ್ ಮಾಡ್ಲಿ?"

"ಅದನ್ನೂ ನನ್ನ ಕೇಳಬ್ಯಾಡ್ರಿ." ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮೊದಲೆಲ್ಲಾ ರೋಗಿಗೆ ಏನಾಗ್ಯದ ಅಂತ ತಿಳಕೊಳ್ಳಾಕ ಡಾಕ್ಟರಾಗ್ತಿದ್ದರು. ಈಗ ಏನೇನು ತಿಳಕೋಬಾರದು ಅನ್ನೂದನ್ನ ಕಲೀಬೇಕಾಗ್ಯದ. ಹೋಗಿ ಬರ್ರಿ."

ಅವರ ಕಣ್ಣು ಒದ್ದೆಯಾಗಿದ್ದನ್ನು ಕಂಡು ಮಹಾನಂದಾಳಿಗೆ ಒಂದು ಬಗೆಯ ಹೊಟ್ಟೆಕಿಚ್ಚು ಆಗಬಹುದಿತ್ತು. ಅದೂ ಆಗಲಿಲ್ಲ. ವಾರದ ಉಳಿದ ದಿನ ಅವಳು ಹೊಸ ಸಾಕ್ಷ್ಯ ಯಾವುದನ್ನೂ ಒಪ್ಪಿಕೊಳ್ಳದೆ, ತಲೆನೋವೆಂದು ಸುಳ್ಳು ಹೇಳಿ ಕಾಲ ತಳ್ಳಿದಳು. ಲೆಕ್ಕ ಸರಳವಾಗಿತ್ತು. ನಿಜ ಹೇಳಿದರೆ ಪರವಾನಗಿ ಬಂದ್ ಆಗಿ ಪೈಲ್ವಾನರು ಸಾಯುವವರೆಗೆ ಹಲ್ಲು ಕಡಿಯಬೇಕು. ಎಂಟು ಎಂದು ಸುಳ್ಳು ಹೇಳಿದರೆ ಅವರಿಗೆ ನಿದ್ದೆ ಸಿಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಮೈಗೆ ಹುಷಾರಿಲ್ಲವೆಂದು ರಾಜೀನಾಮೆ ಕೊಟ್ಟರೆ ಎಲ್ಲವೂ ಮುಗಿಯಿತು. ಮನಸ್ಸು ಕರಗಿದವರು ಈ ತೀರ್ಮಾನಕ್ಕೆ ಬರಲು ರಾತ್ರಿಯೆಲ್ಲ ಹೊರಳಾಡುತ್ತಿದ್ದರೇನೋ. ಅವಳು ತರಕಾರಿ ಆರಿಸಿದ ಹಾಗೆ ಆರಿಸಿದಳು.

*

ಎರಡನೆಯ ಸಾಕ್ಷ್ಯ ಮಧ್ಯಾಹ್ನ ಇಟ್ಟಿದ್ದರು. ದ್ಯಾಮವ್ವ ಗಂಡನ ಹಣೆ ಮುಟ್ಟಿ, ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು. ಸಾಕ್ಷ್ಯದ ಹೊತ್ತಿನಲ್ಲಿ ಮನೆಯವರು ಒಳಗಿರುವಂತಿಲ್ಲ. ಪೈಲ್ವಾನರು ಒಂದೇ ವಾರದಲ್ಲಿ ಇಳಿದು ಹೋಗಿದ್ದರು. ಮೀಸೆ ಮಾತ್ರ ಹಾಗೇ ಇತ್ತು. ಗುರುಪಾದ ಪಟ್ಟಿ ಕಟ್ಟುವಾಗ ಮಹಾನಂದಾಳ ಕಡೆ ನೋಡಲಿಲ್ಲ. ಅವನು ಹೊರಟು ಹೋದ ಮೇಲೆ ಕೋಣೆಯಲ್ಲಿ ಪೈಲ್ವಾನರು, ಅವಳು, ಸಿರಿಂಜಿನ ಪಕ್ಕ ನದಾಫ್, ಇಷ್ಟೇ ಜನ ಉಳಿದರು.

"ತಂಗಿ" ಎಂದರು ಪೈಲ್ವಾನರು. "ಶುರು ಮಾಡೂಕಿಂತ ಮೊದಲ ಒಂದು ಮಾತು ಕೇಳ್ಲೇನು? ನನ್ನ ಬ್ಯಾನಿ ನಿನ್ನ ಮೈಯಾಗ ಬರತೈತಂತ, ಖರೇ ಏನು?"

"ಖರೇ ಐತ್ರಿ ಕಾಕಾ. ಒಂಚೂರು."

"ಹೋದ ಸಲ ಶಿಷ್ಯ ಹೇಳಿದ್ದ. ಅದಕ್ಕ ನಾ ತಡಕೊಂಡಿದ್ದೆ." ಉಸಿರಿಗಾಗಿ ಸ್ವಲ್ಪ ನಿಂತರು. "ಬ್ಯಾನಿ ಬಂದ್ರ ಹೆಂಗ ಒಳಗ ಹಿಡದು ಇಡಬೇಕು ಅನ್ನೂದು ನಮಗ ಉಸ್ತಾದರು ಕಲಿಸ್ಯಾರ. ಮಂದಿ ಮನಿ ಹೆಣ್ಮಗಳು, ನನ್ನ ಸಲವಾಗಿ ನೀ ಯಾಕ ಕಷ್ಟಪಡಬೇಕು ಅಂತ ಹಿಡದಿಟ್ಟೆ. ನೀ ಮೂರು ಅಂದಾಗ ಔಷಧ ಹೋತಲ್ಲ ಅಂತ ಸಂಕಟಾತು, ಖರೇ. ಆದ್ರ ಮೂರೇ ಬಂತಲ್ಲ ನಿನಗ, ಅಂತ ಒಂಥರಾ ಸಮಾಧಾನನೂ ಆತು."

ಮಹಾನಂದಾ ಅವರ ಮುಖವನ್ನು ನೋಡಿದಳು. ಮುಖದಲ್ಲಿ ಓದುವುದಕ್ಕೆ ಏನೂ ಇರಲಿಲ್ಲ, ಹೋದ ಸಲದ ಹಾಗೆಯೇ. ಆ ಸಲ ಅವರು ಹಿಡಿದಿಟ್ಟದ್ದು ನೋವನ್ನಲ್ಲ, ಮುಖವನ್ನು. ನೋವು ವೈರಿನಲ್ಲಿ ಹಾದು ಅವಳ ಬೆನ್ನಿಗೆ ಬಂದು, ಗೋಡೆಗೆ ಬಡಿದ ಹಾಗೆ ಬಡಿದು ನಿಂತಿತ್ತು.

"ಈ ಸಲ ತಡಿಯಾಕ ಆಗಂಗಿಲ್ಲೇನೋ ತಂಗಿ" ಎಂದರು ಪೈಲ್ವಾನರು. "ಮೈಯಾಗ ಕಸುವಿಲ್ಲ. ಸಿಟ್ಟಾಗಬ್ಯಾಡ."

ಪೆಟ್ಟಿಗೆ ಗುಂಯ್‌ಗುಟ್ಟಿತು. ಪೈಲ್ವಾನರು ಹಾಸಿಗೆಯ ಅಂಚನ್ನು ಹಿಡಿದುಕೊಂಡರು. ಬೆರಳಿನ ಗೆಣ್ಣುಗಳು ಬೆಳ್ಳಗಾದವು. ಮಹಾನಂದಾಳ ಬೆನ್ನಿನಲ್ಲಿ ಏನೂ ಇರಲಿಲ್ಲ. ಬೆಚ್ಚಗೂ ಆಗಲಿಲ್ಲ, ತಣ್ಣಗೂ ಆಗಲಿಲ್ಲ. ಅವಳು ಅಂಗೈಯನ್ನು ಗಾಜಿನ ಫಲಕದ ಮೇಲಿಟ್ಟಳು.

"ಎಂಟು."

ಪೆಟ್ಟಿಗೆ ನಿಂತಿತು. ನದಾಫ್ ತಲೆಯಾಡಿಸಿ, ಪೈಲ್ವಾನರ ತೋಳಿನ ನಾಳಕ್ಕೆ ಸಿರಿಂಜು ಜೋಡಿಸಿ, ಮೆಲ್ಲಗೆ ಒತ್ತತೊಡಗಿದರು. ಶಮನಿಯನ್ನು ನಿಧಾನವಾಗಿಯೇ ಕೊಡಬೇಕು.

ಪೈಲ್ವಾನರು ಕುತ್ತಿಗೆ ಹೊರಳಿಸಿ ಅವಳನ್ನು ನೋಡಿದರು. "ಎಂಟು ಅಂದೆಲ್ಲ ತಂಗಿ. ಅಷ್ಟು ಬಂತೇನು ನಿನಗ? ಭಾಳ ಬ್ಯಾನಿ ಆತೇನು?"

ಅವಳ ಅಂಗೈ ಫಲಕದ ಮೇಲೆಯೇ ಇತ್ತು. ಸಿರಿಂಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಔಷಧಿ ಇನ್ನೂ ಇತ್ತು. ಹೌದು ಎಂದುಬಿಟ್ಟರೆ ಎಲ್ಲ ಕ್ಷೇಮ. ಪ್ರಮಾಣಕ್ಕೆ ಪ್ರಮಾಣ ಹೊಂದುತ್ತದೆ, ಧಾರವಾಡದ ಕಚೇರಿಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಬಾಯಿ ತೆರೆದಳು. ಆಗ ಪೈಲ್ವಾನರ ಮುಖ ಕಂಡಿತು. ಇಷ್ಟು ದಿನ ಕದಲದೇ ಇದ್ದ ಆ ಮುಖ ಕಿವುಚಿಕೊಂಡಿತ್ತು. ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಗುತ್ತಿತ್ತು.

"ನನ್ನಿಂದ ನಿನಗ ಬ್ಯಾನಿ ಆತು" ಎಂದರು. ನಾಲಿಗೆ ದಪ್ಪವಾಗತೊಡಗಿತ್ತು. "ಹೇಳ ತಂಗಿ. ಭಾಳ ಆತೇನು?"

ಔಷಧಿ ಕಾಲುಭಾಗಕ್ಕೆ ಇಳಿದಿತ್ತು. ನದಾಫ್ ಅವಳ ಕಡೆ ನೋಡದೆ ಒತ್ತುತ್ತಲೇ ಇದ್ದರು. ಪೈಲ್ವಾನರ ರೆಪ್ಪೆ ಮುಚ್ಚಿ ತೆರೆಯುತ್ತಿತ್ತು, ಆದರೆ ಅವರು ನಿದ್ದೆಗೆ ಬಗ್ಗಲೊಲ್ಲರು. ಉತ್ತರ ಕೇಳಿಯೇ ಹೋಗಬೇಕೆಂದು ಹಟ ಹಿಡಿದಂತೆ ಕಣ್ಣನ್ನು ಮತ್ತೆ ಮತ್ತೆ ಬಿಡಿಸಿಕೊಂಡು ಅವಳನ್ನೇ ನೋಡುತ್ತಿದ್ದರು. ಇನ್ನು ಅವರ ಪಾಲಿಗೆ ಎಚ್ಚರವೆಂಬುದಿಲ್ಲ. ಈ ಚಿಂತೆಯೇ ಅವರ ಕೊನೆಯ ಎಚ್ಚರ.

ಮಹಾನಂದಾಳಿಗೆ ಕರುಣೆ ಉಕ್ಕಿ ಬರಲಿಲ್ಲ. ಅದಕ್ಕಾಗಿ ಕಾದಳು ಕೂಡ, ಬರಲಿಲ್ಲ. ಮರಗಟ್ಟಿದ ಜಾಗ ಮರಗಟ್ಟಿಯೇ ಇತ್ತು. ಆದರೆ ಎದುರಿಗಿರುವವರಿಗೆ ಏನು ಬೇಕು ಎಂಬುದು ಅವಳಿಗೆ ಬಿಸಿಲಿನಷ್ಟು ಸ್ಪಷ್ಟವಾಗಿ ಕಂಡಿತು. ಅದನ್ನು ಕೊಡುವುದಕ್ಕೆ ತನ್ನ ಬಳಿ ನಿಜವೊಂದೇ ಇದೆ ಎಂಬುದೂ ಕಂಡಿತು.

ಸಿರಿಂಜಿನ ಒತ್ತುಗೋಲು ತುದಿ ಮುಟ್ಟಿದ ಸಣ್ಣ ಸದ್ದು ಕೇಳಿಸಿತು. ನದಾಫ್ ಅದನ್ನು ಹೊರತೆಗೆದು ತಟ್ಟೆಯಲ್ಲಿಟ್ಟರು. ಖಾಲಿ.

ಮಹಾನಂದಾ ಬಗ್ಗಿ, ಪೈಲ್ವಾನರಿಗೆ ಚೆನ್ನಾಗಿ ಕೇಳಿಸುವ ಹಾಗೆ ಹೇಳಿದಳು.

"ಇಲ್ಲ ಕಾಕಾ. ನನಗೇನೂ ಆಗ್ಲಿಲ್ಲ. ಹೋದ ಸಲಾನೂ ಆಗ್ಲಿಲ್ಲ, ಈ ಸಲಾನೂ ಆಗ್ಲಿಲ್ಲ. ಒಂಚೂರೂ ಬರಲಿಲ್ಲ ನನ್ನ ಕಡೆ."

ಪೈಲ್ವಾನರ ಮುಖ ಸಡಿಲವಾಯಿತು. "ಹಂಗಾರ ತಡದೆ ನಾ" ಎಂದರು. ಮೀಸೆಯ ಕೆಳಗೆ ತುಟಿ ಸ್ವಲ್ಪ ಅಗಲವಾಯಿತು. ಮುಂದಿನ ಉಸಿರಿಗೆ ಕಣ್ಣು ಮುಚ್ಚಿದವು. ದವಡೆ ಬಿಗಿಯಾಗಲಿಲ್ಲ, ಬಾಯಿ ಮಕ್ಕಳ ಬಾಯಿಯ ಹಾಗೆ ತೆರೆದುಕೊಂಡಿತು.

ನದಾಫ್ ಅಲುಗಾಡದೆ ನಿಂತಿದ್ದರು. ಈಗ ಅವರಿಗೆ ಗೊತ್ತಾಗಿತ್ತು. ಗೊತ್ತಾಗುವುದಕ್ಕೆ ಅಡ್ಡಿಯಿಲ್ಲದ ಹೊತ್ತಿನಲ್ಲಿ ಗೊತ್ತಾಗಿತ್ತು. ಕಂಟ್ರೋಲ್ ರೂಮಿನ ಗಾಜಿನ ಹಿಂದೆ ಗುರುಪಾದ ಎದ್ದು ನಿಂತು ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಿದ್ದ.

"ಮೇಡಂ" ಎಂದರು ನದಾಫ್. "ನಿದ್ದಿ ಹತ್ಯದ ಅವರಿಗೆ. ಮುಗೀತು. ಕೈ ತಗೀರಿ. ರೋಗಿ ಸಮಾಧಾನಕ್ಕ ಅಂದದ್ದು ಅಂತ ನಾ ಹೇಳ್ತೀನಿ, ಕೋರ್ಟಿನವರೂ ಮನುಷ್ಯರೇ. ತಗೀರಿ ಕೈ."

ಕೈ ತೆಗೆದಿದ್ದರೆ ಅಷ್ಟಕ್ಕೇ ಮುಗಿದುಹೋಗುತ್ತಿತ್ತೇನೋ. ಮಹಾನಂದಾ ತನ್ನ ಅಂಗೈಯನ್ನು ನೋಡಿದಳು, ಮಲಗಿದ್ದ ಪೈಲ್ವಾನರನ್ನು ನೋಡಿದಳು. ಅವರ ಹಾಗೆಯೇ ಮುಖ ಗಟ್ಟಿ ಮಾಡಿಕೊಂಡು ಮಲಗಿ, ಅವಳ ಬಾಯಿಂದ ಮೂರು, ನಾಲ್ಕು ಎನ್ನಿಸಿಕೊಂಡು ಮನೆಗೆ ಹೋದವರ ಹೆಸರುಗಳು ಒಂದೊಂದಾಗಿ ನೆನಪಿಗೆ ಬಂದವು. ಅವರಲ್ಲಿ ಯಾರೂ ಈಗ ಬದುಕಿಲ್ಲ. ಅವರ ಮನೆಯವರು ಇದ್ದಾರೆ. ಸುಮ್ಮನಿದ್ದವರಿಗೆ ನೋವಿರಲಿಲ್ಲವೆಂದು ಅವರು ಇವತ್ತಿಗೂ ನಂಬಿಕೊಂಡಿದ್ದಾರೆ.

ಅವಳು ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು ಕೂತಳು. ಜೈಲು ಎಂಬ ಮಾತು ತಲೆಯಲ್ಲಿ ಬಂದು ಹೋಯಿತು, ಹೆದರಿಕೆಯಾಗಲಿಲ್ಲ. ಮರಗಟ್ಟಿದ್ದರಿಂದ ಆದ ಉಪಯೋಗ ಇದೊಂದೇ.

"ನಾನು ಮಹಾನಂದಾ ಶೇಖರಪ್ಪ ಅರಳಿಕಟ್ಟಿ" ಎಂದು ಫಲಕಕ್ಕೆ ಕೇಳಿಸುವಂತೆ ಶುರುಮಾಡಿದಳು. "ಈಗ ಇವರಿಗೆ ಹೇಳಿದ್ದು ಖರೇ. ಎಂಟು ಅಂದದ್ದು ಸುಳ್ಳು. ಇದಕ್ಕಿಂತ ಹಿಂದಿನವೂ ಅದಾವ. ನೆನಪಿದ್ದಷ್ಟು ಹೇಳ್ತೀನಿ, ಬರಕೊಳ್ರಿ."